ನಾಲ್ಕು ವೂಫರ್, ಒಂದು ಹರಿಗೋಲು

ಹೊಳೆ ದಂಡೆಯ ಮೇಲೆ ಒಂದು ತಗಡಿನ ಶೆಡ್ಡು. ಅದರಲ್ಲಿ ದಸ್ತಗಿರಿ ಉಸ್ತಾದರು ಕಾರು, ಜೀಪುಗಳಿಗೆ ಸ್ಪೀಕರ್ ಕೂರಿಸುತ್ತಿದ್ದರು.

ಅದೇನು ಮಠವಲ್ಲ, ಆಶ್ರಮವಲ್ಲ. ಆದರೂ ಬಂದವರು ಚಪ್ಪಲಿ ಹೊರಗೇ ಬಿಡಬೇಕು. ವೂಫರಿನ, ಅಂದರೆ ಡೊಳ್ಳಿನಂಥ ಗುದ್ದು ಕೊಡುವ ದೊಡ್ಡ ಸ್ಪೀಕರಿನ, ಮೇಲೆ ಧೂಳು ಕೂತರೆ ಉಸ್ತಾದರು ಬಂದವರು ಯಾರು, ಎತ್ತ ಎಂದು ನೋಡದೆ ಬೈದುಬಿಡುತ್ತಿದ್ದರು. ಕೂರಲು ಕುರ್ಚಿಯೂ ಇರಲಿಲ್ಲ. ಬಾಗಿಲ ಬಳಿ ಒಂದು ಹಳೇ ಹರಿಗೋಲು ಬೋರಲು ಬಿದ್ದಿತ್ತು, ಗಿರಾಕಿಗಳು ಅದರ ಮೇಲೆಯೇ ಕೂರುತ್ತಿದ್ದರು.

ಶಿಷ್ಯ ಒಬ್ಬನೇ, ಹುಲುಗಪ್ಪ. ಮೀಸೆ ಬಲಿತಿತ್ತು, ಮನೆಯಲ್ಲಿ ಮದುವೆ ಮಾತೂ ಎದ್ದಿತ್ತು. ಊರವರ ಬಾಯಲ್ಲಿ ಮಾತ್ರ ಅವನು ಇನ್ನೂ ‘ಉಸ್ತಾದರ ಕೈಕೆಳಗಿನವ’. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು.

ಬಂದ ಹೊಸದರಲ್ಲಿ ಅವನು ಕೇಳಿದ್ದ.

“ಉಸ್ತಾದ್, ಒಂದೇ ಆಂಪಿಗೆ ನಾಲ್ಕು ವೂಫರ್ ಹೆಂಗೆ ಕೊಡೋದು?”

“ಅಂಗೈ ಸುಡದಂಗೆ.”

ಇದೇನು ಉತ್ತರವೋ ಎಂದುಕೊಂಡು ಹುಲುಗಪ್ಪ ನಾಲ್ಕರ ವೈರನ್ನೂ ಒಟ್ಟಿಗೆ ಹೊಸೆದು ನೇರ ಆಂಪಿಗೆ, ಅಂದರೆ ಸದ್ದು ಹಿಗ್ಗಿಸುವ ಡಬ್ಬಿಗೆ, ಕೊಟ್ಟ. ಸದ್ದೇನೋ ಭರ್ಜರಿ ಬಂತು. ಹಾಡು ಮುಗಿಯುವಷ್ಟರಲ್ಲಿ ಆಂಪ್ ಕಾದ ಹೆಂಚಾಗಿತ್ತು. ಉಸ್ತಾದರು ಅವನ ಕೈ ಹಿಡಿದು ಅದರ ಮೇಲಿಟ್ಟರು.

“ಅಯ್ಯಯ್ಯೋ!” ಎಂದು ಅವನು ಕೈ ಕಿತ್ತುಕೊಂಡ.

“ಆ ಬಡಪಾಯಿ ಒಂದೇ, ಎಳೆಯೋರು ನಾಲ್ಕು ಮಂದಿ. ಎರಡೆರಡು ಜೋಡಿ ಮಾಡು. ಜೋಡಿಯಲ್ಲಿ ಒಂದರ ಬಾಲ ಹಿಡಿದು ಇನ್ನೊಂದು ಹೋಗಲಿ. ಆಮೇಲೆ ಎರಡು ಜೋಡೀನೂ ಆಂಪಿಗೆ ಕೊಡು,” ಎಂದರು ಉಸ್ತಾದರು.

ಅಂದಿನಿಂದ ಅದೇ ಕಟ್ಟಳೆ. ವೈರು ಕೊಟ್ಟ ಮೇಲೆ ಆಂಪಿನ ಮೇಲೆ ಅಂಗೈ ಇಟ್ಟು ಪೂರ್ತಿ ಒಂದು ಹಾಡು ಕೇಳಬೇಕು. ಕೈ ತಾಳಿದರೆ ಕೆಲಸ ಸರಿ. ಕೈ ತಾಳದಿದ್ದರೆ ಬಿಚ್ಚಿ ಮತ್ತೆ ಮೊದಲಿನಿಂದ.

ಇನ್ನೊಂದು ಕಟ್ಟಳೆ ಉಸ್ತಾದರಿಗೆ ಅವರ ಉಸ್ತಾದರಿಂದ ಬಂದದ್ದು. ವೂಫರ್ ಪೆಟ್ಟಿಗೆಯ ಎಲ್ಲ ಸ್ಕ್ರೂಗಳನ್ನೂ ಶಿಷ್ಯ ಹಾಕಬಹುದು, ಕೊನೆಯ ಒಂದು ಮಾತ್ರ ಗುರುವಿನದು. ಗುರು ಯಾವ ದಿನ ಆ ಕೊನೆಯ ಸ್ಕ್ರೂ ಹಾಕು ಅಂತ ಶಿಷ್ಯನ ಕೈಗೆ ಸ್ಕ್ರೂಡ್ರೈವರ್ ಕೊಡುತ್ತಾನೋ ಅಂದಿನಿಂದ ಶಿಷ್ಯನೂ ಉಸ್ತಾದ್. ಅಷ್ಟೇ. ಹಾರ ಇಲ್ಲ, ತುರಾಯಿ ಇಲ್ಲ.

“ನನ್ನ ಕೈಗೆ ಯಾವಾಗ, ಉಸ್ತಾದ್?” ಎಂದು ಹುಲುಗಪ್ಪ ಒಮ್ಮೆ ಬಾಯಿಬಿಟ್ಟು ಕೇಳಿಯೇಬಿಟ್ಟ.

ಉಸ್ತಾದರು ಹಲ್ಲಿನಲ್ಲಿ ವೈರಿನ ಸಿಪ್ಪೆ ಸುಲಿಯುತ್ತಿದ್ದರು.

“ಎರಡು ಟೀ ಹೇಳು,” ಎಂದರು.

ಹೀಗಿರುವಾಗ ಗಾದಿಲಿಂಗಪ್ಪ ಬಂದ. ಬಸ್‌ಸ್ಟ್ಯಾಂಡಿನ ಎದುರು ಸಾಲು ಮಳಿಗೆಗಳಿದ್ದವು ಅವನಿಗೆ. ಮಾತು ಜೋರು, ಮನಸ್ಸು ಅವಸರ. ಹೊಸ ಜೀಪಿನಲ್ಲಿ ನಾಲ್ಕು ವೂಫರ್ ಹೇರಿಕೊಂಡು ಬಂದಿದ್ದ. ಮರುದಿನ ಅಣ್ಣನ ಮಗಳ ಮದುವೆ ಮೆರವಣಿಗೆ, ಅದಕ್ಕೆ ಮುಂದೆ ಹೋಗುವುದು ಇದೇ ಜೀಪು.

“ಉಸ್ತಾದ್, ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿ ಕೂರಬೇಕು. ಎರಡರದ್ದು ಮುಖ ಹೊರಗೆ, ಇನ್ನೆರಡರದ್ದು ಬೆನ್ನು ಹೊರಗೆ.”

“ಬೆನ್ನು ಯಾಕಪ್ಪಾ?”

“ಬೆನ್ನಿನ ಮ್ಯಾಗ್ನೆಟ್ ಬೆಳ್ಳಿ ಬಟ್ಟಲಿನಂಗೆ ಹೊಳೀತೈತೆ. ಹಿಂದೆ ಬರೋ ಬೀಗರು ನೋಡಿ ಹೊಟ್ಟೆ ಉರ್ಕೋಬೇಕು.”

“ಅವರ ಹೊಟ್ಟೆಗೆ ಊಟ ಹಾಕಿದರೆ ಸಾಲದಾ?” ಎಂದರು ಉಸ್ತಾದರು. ಆದರೆ ಕೆಲಸ ಒಪ್ಪಿಕೊಂಡರು.

ಅಂಥ ಕೆಲಸ ಆ ಶೆಡ್ಡಿಗೆ ಹೊಸದು. ಅದಕ್ಕೇ ಉಸ್ತಾದರು ತಾವೇ ಕೂತು ವೈರು ಕೊಟ್ಟರು. ಪೆಟ್ಟಿಗೆಗೆ ಹೊದಿಸುವ ಬಟ್ಟೆ ತರಲು ಹುಲುಗಪ್ಪ ಪೇಟೆಗೆ ಹೋಗಿದ್ದ. ಅವನು ಬರುವಷ್ಟರಲ್ಲಿ ಆಂಪಿನ ಮೇಲೆ ಅಂಗೈ ಇಟ್ಟು ಹಾಡು ಕೇಳಿದ್ದೂ ಮುಗಿದಿತ್ತು. ಹುಲುಗಪ್ಪ ಬಟ್ಟೆ ಹೊದಿಸಿ ಅಂಟಿಸಿದ.

“ಕೊನೇ ಸ್ಕ್ರೂ ಒಂದು ಬಾಕಿ ಐತೆ. ನಮಾಜ್ ಮುಗಿಸ್ಕೊಂಡು ಬರ್ತೀನಿ,” ಎಂದು ಉಸ್ತಾದರು ಟೋಪಿ ಜೇಬಿಗೆ ಹಾಕಿಕೊಂಡು ಹೋದರು.

ಹುಲುಗಪ್ಪ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದ. ಬೆನ್ನು ಹೊರಗೆ ಮಾಡಿದ ಎರಡು ವೂಫರುಗಳ ವೈರು ಹೊರಗೇ ಕಾಣುತ್ತಿತ್ತು. ಅವನು ಬಗ್ಗಿ ಮತ್ತೊಮ್ಮೆ ನೋಡಿದ.

ಕೆಂಪು ವೈರು ಕಪ್ಪು ಗುರುತಿಗೆ ಹೋಗಿತ್ತು. ಕಪ್ಪು ವೈರು ಕೆಂಪು ಗುರುತಿಗೆ ಹೋಗಿತ್ತು. ಒಂದರಲ್ಲಲ್ಲ, ಎರಡರಲ್ಲೂ.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಈ ಕಸುಬಿಗೆ ನಿನ್ನೆ ಬಂದವನೂ ಬಲ್ಲ ಮಾತು.

ಉಸ್ತಾದರ ಕಣ್ಣು ಮಂದವಾಗಿದ್ದು ಅವನಿಗೆ ಗೊತ್ತಿತ್ತು. ವೈರನ್ನು ಮೂಗಿನ ತುದಿಗೆ ತಂದು ನೋಡುತ್ತಿದ್ದರು. ಮೊನ್ನೆ ತಾವೇ ಕಾಸಿದ ಟೀಗೆ ಸಕ್ಕರೆ ಬದಲು ಉಪ್ಪು ಹಾಕಿ, ತಾವೇ ಕುಡಿದು, ಏನೂ ಆಗದವರಂತೆ ಲೋಟ ತೊಳೆದಿಟ್ಟಿದ್ದರು.

ಅಯ್ಯೋ ಪಾಪ ಎನ್ನಿಸಿತು ಹುಲುಗಪ್ಪನಿಗೆ. ನಿಜಕ್ಕೂ ಎನ್ನಿಸಿತು. ಸುಳ್ಳು ಹೇಳುವುದೇಕೆ, ಆ ಪಾಪದ ಬೆನ್ನಿಗೇ ಒಳಗೊಳಗೆ ಒಂದು ಚೂರು ಖುಷಿಯೂ ಆಯಿತು.

ಅವನು ವೈರು ಬಿಚ್ಚಿದ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಕೊಟ್ಟು ಬಿಗಿ ಮಾಡಿದ.

ಅಷ್ಟರಲ್ಲಿ ಗಾದಿಲಿಂಗಪ್ಪ ಬಂದು ಹಾರನ್ ಬಾರಿಸಿದ.

“ಆಯ್ತಾ? ಮಂಟಪಕ್ಕೆ ಹೋಗ್ಬೇಕು, ಹೂವಿನವರು ಕಾಯ್ತಿದ್ದಾರೆ.”

“ಉಸ್ತಾದ್ ಬರಬೇಕಣ್ಣ. ಕೊನೇ ಸ್ಕ್ರೂ ಅವರದು.”

“ಒಂದು ಸ್ಕ್ರೂಗೆ ಇಷ್ಟು ಹೊತ್ತು ಕಾಯಬೇಕಾ? ನಿನಗೇನು ಕೈ ಇಲ್ವಾ?”

ಹುಲುಗಪ್ಪ ತನ್ನ ಕೈ ನೋಡಿಕೊಂಡ. ಕೈ ಇತ್ತು. ಕೈಯಲ್ಲಿ ಸ್ಕ್ರೂಡ್ರೈವರೂ ಇತ್ತು. ಕೊನೆಯ ಸ್ಕ್ರೂ ತಿರುಗಿ ತಿರುಗಿ ಒಳಗೆ ಕೂತಿತು. ಅಂಗೈ ಇಟ್ಟು ಹಾಡು ಕೇಳಲು ಪುರುಸೊತ್ತೇ ಸಿಗಲಿಲ್ಲ.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಜೀಪು ಹೊರಡುವ ಮೊದಲು ಅವನು ಕಿಟಕಿಯ ಬಳಿ ಬಗ್ಗಿದ.

“ಅಣ್ಣ, ವೈರು ತಿರುವುಮುರುವು ಆಗಿತ್ತು. ನಾನು ನೋಡಿ ಸರಿ ಮಾಡೀನಿ. ಉಸ್ತಾದ್‌ಗೆ ಹೇಳಬೇಡಿ. ಪಾಪ, ಕಣ್ಣು ಕಾಣಲ್ಲ ಅವರಿಗೆ.”

ಗಾದಿಲಿಂಗಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ.

“ಹಂಗಾ ವಿಷಯ! ನನ್ನ ಮಳಿಗೆ ಒಂದು ಖಾಲಿ ಐತಲ್ಲೋ. ಬಂದು ಅಂಗಡಿ ಇಡು. ನಿನ್ನ ಹೆಸರೇ ಬರೆಸು ಬೋರ್ಡಿಗೆ.”

ಜೀಪು ಹೋಯಿತು. ಹುಲುಗಪ್ಪನ ಕಣ್ಣ ಮುಂದೆ ಬೋರ್ಡು ಒಂದೇ ನಿಂತಿತ್ತು.

ಉಸ್ತಾದರು ಬಂದರು.

“ಜೀಪೆಲ್ಲಿ?”

“ಒಯ್ದರು. ಅವಸರ ಅಂದರು.”

“ಕೊನೇ ಸ್ಕ್ರೂ?”

“ನಾನೇ ಹಾಕಿದೆ, ಉಸ್ತಾದ್.”

ಉಸ್ತಾದರು ಜೇಬಿನಿಂದ ಟೋಪಿ ತೆಗೆದು ಮೊಳೆಗೆ ಹಾಕಿದರು.

“ಬಿಗಿ ಕೂತಿತಾ?” ಎಂದು ಕೇಳಿದರು.

“ಕೂತಿತು.”

“ಹೂಂ.”

ಬೈದಿದ್ದರೆ ಹುಲುಗಪ್ಪನಿಗೆ ಹಗುರವಾಗುತ್ತಿತ್ತು. ಅವರು ಬೈಯಲೇ ಇಲ್ಲ.

ಮೆರವಣಿಗೆ ಮುಗಿದ ಮರುದಿನ ಬೆಳಿಗ್ಗೆ ಜೀಪು ಶೆಡ್ಡಿನ ಮುಂದೆ ಬಂದು ಗಕ್ಕನೆ ನಿಂತಿತು. ಗಾದಿಲಿಂಗಪ್ಪ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದ.

“ಮಾನ ಹೋಯ್ತು ನಂದು! ನಾಲ್ಕು ವೂಫರ್ ಇಟ್ಕೊಂಡು ಒಂದು ಗುದ್ದು ಇಲ್ಲ! ಬೀಗರು ಕೇಳ್ತಾರೆ, ಏನ್ರೀ, ಜೀಪಿಗೆ ಜ್ವರ ಬಂದೈತಾ ಅಂತ. ಜೋರು ಮಾಡಿದರೆ ಆಂಪ್ ಕಾದು ನಿಂತೇ ಹೋಗೋದು!”

ಉಸ್ತಾದರು ಎದ್ದು ನಿಂತರು.

“ನಿಮ್ಮ ಹುಲುಗಪ್ಪ ಅವತ್ತೇ ಹೇಳಿದ್ದ,” ಎಂದ ಗಾದಿಲಿಂಗಪ್ಪ. “ನಿಮಗೆ ಕಣ್ಣು ಕಾಣಲ್ಲ, ವೈರು ಉಲ್ಟಾ ಕೊಟ್ಟಿದ್ರಿ, ತಾನು ಸರಿ ಮಾಡೀನಿ ಅಂತ. ಇನ್ನೆಷ್ಟು ಕಡೆ ಉಲ್ಟಾ ಕೊಟ್ಟೀರೋ ಏನೋ! ಕಣ್ಣು ಹೋದ ಮೇಲೆ ಮನೆಯಲ್ಲಿ ಕೂರಬೇಕು, ಉಸ್ತಾದ್.”

ಹುಲುಗಪ್ಪನಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮಾತಾಡಲು ಹೋದರೆ ನಾಲಿಗೆ ಹೊರಳಲಿಲ್ಲ. ಬಸ್‌ಸ್ಟ್ಯಾಂಡ್ ಎದುರಿನ ಬೋರ್ಡು ಇನ್ನೂ ಕಣ್ಣ ಮುಂದೆ ಇತ್ತಲ್ಲ, ಅದೂ ಒಂದು ಕಾರಣ.

ಉಸ್ತಾದರು ಅವನ ಕಡೆ ತಿರುಗಲಿಲ್ಲ.

“ಕಣ್ಣು ಮಂದ ಆಗಿರೋದು ನಿಜ,” ಎಂದರು ಗಾದಿಲಿಂಗಪ್ಪನಿಗೆ. “ಗಾಡಿ ಬಿಟ್ಟು ಹೋಗಿ. ಸಂಜೆಗೆ ಬನ್ನಿ.”

“ನೀವು ಮುಟ್ಟಬೇಡಿ. ಇವನೇ ಮಾಡ್ಲಿ.”

“ಇವನೇ ಮಾಡ್ತಾನೆ.”

ಗಾದಿಲಿಂಗಪ್ಪ ಹೋದ. ಉಸ್ತಾದರು ಅವನ ಚಪ್ಪಲಿಯ ಧೂಳನ್ನು ಗುಡಿಸಿ ಹೊರಹಾಕಿದರು.

ಹುಲುಗಪ್ಪ ಪೆಟ್ಟಿಗೆ ಬಿಚ್ಚಿದ. ಜೋಡಿ ಎರಡೆರಡು, ಸರಿಯಾಗಿತ್ತು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಎಲ್ಲ ಸರಿಯಾಗಿತ್ತು. ಉಸ್ತಾದರ ಕೈಯಿಂದ ಬೇರೆ ತಪ್ಪೇನಾದರೂ ಆಗಿದೆಯೇ ಎಂದು ಮೂಲೆ ಮೂಲೆ ಹುಡುಕಿದ. ಒಂದೂ ಸಿಗಲಿಲ್ಲ.

ಹಾಡು ಹಚ್ಚಿದ. ಹಾಡುವವಳ ದನಿ ಜೀಪಿನ ಬಾಗಿಲ ಸಣ್ಣ ಸ್ಪೀಕರುಗಳಿಂದ ಚೆನ್ನಾಗಿಯೇ ಬಂತು. ಡೊಳ್ಳಿನ ಗುದ್ದು ಮಾತ್ರ ಇಲ್ಲ. ಸದ್ದು ಏರಿಸಿದಷ್ಟೂ ವೂಫರುಗಳು ನಾಲ್ಕೂ ಗಡಗಡ ನಡುಗುತ್ತಿದ್ದವು, ಆಂಪ್ ಕಾದು ಕೆಂಡವಾಗುತ್ತಿತ್ತು. ಇಷ್ಟು ದುಡಿಮೆ ಎಲ್ಲಿಗೆ ಹೋಗುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ.

ಒಂದೊಂದನ್ನೇ ಬೇರೆ ಬೇರೆ ನುಡಿಸಿದ. ಪ್ರತಿಯೊಂದೂ ಎದೆಗೆ ಒದ್ದ ಹಾಗೆ ಗುದ್ದಿತು. ನಾಲ್ಕನ್ನೂ ಕೂಡಿಸಿದ. ಮತ್ತೆ ಸದ್ದಡಗಿತು.

ಮಧ್ಯಾಹ್ನದವರೆಗೂ ಹೆಣಗಿದ. ಆಮೇಲೆ ಸೋತು ಬಂದು ಉಸ್ತಾದರ ಮುಂದೆ ಕುಕ್ಕರಗಾಲಲ್ಲಿ ಕೂತ.

“ಉಸ್ತಾದ್, ಎಲ್ಲಾ ಸರಿ ಐತೆ. ಸದ್ದು ಮಾತ್ರ ಇಲ್ಲ.”

“ಆಚೆ ದಡಕ್ಕೆ ಹೋಗಬೇಕು. ಹರಿಗೋಲು ಎತ್ತು,” ಎಂದರು ಉಸ್ತಾದರು.

“ಈಗಲಾ? ಸಂಜೆಗೆ ಗಾಡಿ ಕೊಡಬೇಕಲ್ಲ!”

“ಎರಡೂ ಹುಟ್ಟು ತಗೋ.”

ಹುಲುಗಪ್ಪ ಬೋರಲು ಬಿದ್ದಿದ್ದ ಹರಿಗೋಲನ್ನು ಎತ್ತಿ ನೀರಿಗೆ ಇಳಿಸಿದ. ಉಸ್ತಾದರು ಒಂದು ಅಂಚಿಗೆ ಕೂತರು. ಹುಲುಗಪ್ಪನನ್ನು ಎದುರಿನ ಅಂಚಿಗೆ, ತಮ್ಮ ಕಡೆ ಮುಖ ಮಾಡಿ ಕೂರಿಸಿದರು. ಇಬ್ಬರ ಕೈಗೂ ಒಂದೊಂದು ಹುಟ್ಟು.

“ನೀರನ್ನ ನಿನ್ನ ಕಡೆ ಎಳ್ಕೋ. ನಾನೂ ನನ್ನ ಕಡೆ ಎಳ್ಕೋತೀನಿ.”

ಇಬ್ಬರೂ ಎಳೆದರು. ಹರಿಗೋಲು ಅಲ್ಲೇ ಇತ್ತು.

“ಸರಿಯಾಗಿ ಎಳಿ.”

“ಸರಿಯಾಗೇ ಎಳೀತಿದೀನಿ, ಉಸ್ತಾದ್.”

“ನಾನು?”

ಹುಲುಗಪ್ಪ ಅವರ ಕೈ ನೋಡಿದ. “ನೀವೂ ಸರಿಯಾಗೇ ಎಳೀತಿದೀರಿ.”

“ಹಂಗಾದ್ರೆ ಇನ್ನೂ ಜೋರಾಗಿ ಎಳಿ.”

ಹುಲುಗಪ್ಪ ಹಲ್ಲು ಕಚ್ಚಿ ಎಳೆದ. ಉಸ್ತಾದರೂ ವಯಸ್ಸು ಮರೆತು ಎಳೆದರು. ಹುಟ್ಟುಗಳಿಗೆ ಸಿಕ್ಕ ನೀರು ಬುಸುಗುಟ್ಟಿತು, ಬೆವರು ಕಣ್ಣಿಗಿಳಿಯಿತು, ಹರಿಗೋಲು ಒಂದಿಷ್ಟು ನಡುಗಿ ಅಲ್ಲೇ ನಿಂತಿತು.

ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರಲ್ಲೊಬ್ಬಳು ಸೊಂಟಕ್ಕೆ ಕೈ ಇಟ್ಟು ನಿಂತಳು.

“ಏನ್ರೀ ಉಸ್ತಾದ್, ಹೊಳೆ ಕಡೀತೀರಾ? ಬೆಣ್ಣೆ ಬಂದರೆ ನಮಗೂ ಒಂದು ಮುದ್ದೆ ಇಡ್ರಿ!”

ಉಳಿದವರು ಬಿದ್ದು ಬಿದ್ದು ನಕ್ಕರು. ಹುಲುಗಪ್ಪ ಅವಮಾನದಿಂದ ಇನ್ನೂ ಜೋರಾಗಿ ಎಳೆದ. ಏನೂ ಆಗಲಿಲ್ಲ.

ಉಸ್ತಾದರು ಆಗ ತಮ್ಮ ಹುಟ್ಟನ್ನು ತಿರುವಿ ಹಿಡಿದರು. ಎಳೆಯುವುದು ಬಿಟ್ಟು ನೀರನ್ನು ತಮ್ಮಿಂದ ಆಚೆಗೆ ನೂಕಿದರು.

ಹರಿಗೋಲು ಚಂಗನೆ ಹೊರಟಿತು. ಹುಲುಗಪ್ಪ ಬೀಳುವವನಿದ್ದ, ಅಂಚು ಹಿಡಿದುಕೊಂಡ.

“ಈಗ ನಾನು ಹುಟ್ಟು ಹಾಕ್ತಿರೋದು ಸರಿನಾ, ಉಲ್ಟಾನಾ?” ಎಂದು ಉಸ್ತಾದರು ಕೇಳಿದರು.

ಹುಲುಗಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಜೀಪಿನ ಪೆಟ್ಟಿಗೆ ಕಣ್ಣ ಮುಂದೆ ಬಂತು.

ಎರಡು ವೂಫರುಗಳ ಮುಖ ಹೊರಗೆ. ಎರಡರದ್ದು ಬೆನ್ನು ಹೊರಗೆ. ಒಂದೇ ಥರ ವೈರು ಕೊಟ್ಟರೆ ಮುಖ ಹೊರಗಿದ್ದವು ಗಾಳಿಯನ್ನು ಹೊರಗೆ ನೂಕುವಾಗ, ಬೆನ್ನು ಹೊರಗಿದ್ದವು ಅದೇ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತವೆ. ತಿರುಗಿ ಕೂತದ್ದಕ್ಕೆ ವೈರನ್ನೂ ತಿರುವಿಯೇ ಕೊಡಬೇಕು.

ಉಸ್ತಾದರು ಅದನ್ನೇ ಮಾಡಿದ್ದರು. ಹೆಬ್ಬೆರಳಿನಲ್ಲಿ ತಡವಿ ತಡವಿ, ಬೇಕೆಂದೇ ಮಾಡಿದ್ದರು.

“ಉಸ್ತಾದ್, ವಾಪಸ್ ಹೋಗೋಣ,” ಎಂದ ಹುಲುಗಪ್ಪ.

“ಇಷ್ಟು ದೂರ ಬಂದಾಯ್ತು, ಹೋಗಿಬರೋಣ.”

ಆಚೆ ದಡದಲ್ಲಿ ಉಸ್ತಾದರಿಗೆ ಏನೂ ಕೆಲಸ ಇರಲಿಲ್ಲ. ಕೈಕಾಲು ತೊಳೆದುಕೊಂಡರು, ಒಂದು ಬೀಡಿ ಸೇದಿದರು, ಬಂದು ಕೂತರು. ಬರುವಾಗ ಹುಟ್ಟು ತಿರುವಿ ಹಿಡಿದವನು ಹುಲುಗಪ್ಪ.

ಶೆಡ್ಡಿಗೆ ಬಂದವನೇ ಅವನು ಆ ಎರಡು ವೂಫರುಗಳ ವೈರು ಬಿಚ್ಚಿದ. ಕೆಂಪನ್ನು ಕಪ್ಪಿಗೆ ಕೊಟ್ಟ, ಕಪ್ಪನ್ನು ಕೆಂಪಿಗೆ ಕೊಟ್ಟ. ಆಂಪಿನ ಮೇಲೆ ಅಂಗೈ ಇಟ್ಟ. ಹಾಡು ಹಚ್ಚಿದ.

ಮೊದಲ ಗುದ್ದಿಗೇ ಶೆಡ್ಡಿನ ತಗಡೆಲ್ಲ ಝಲ್ಲೆಂದಿತು. ಮೇಜಿನ ಮೇಲಿದ್ದ ಟೀ ಲೋಟ ತಾನಾಗಿ ನಡೆದು ಅಂಚಿಗೆ ಬಂತು. ಹಾಡು ಮುಗಿಯುವವರೆಗೂ ಹುಲುಗಪ್ಪ ಕೈ ತೆಗೆಯಲಿಲ್ಲ. ಆಂಪ್ ಬೆಚ್ಚಗಿತ್ತು, ಅಷ್ಟೇ.

ಅವನ ಕಣ್ಣಲ್ಲಿ ನೀರು ತುಂಬಿತ್ತು. ಹೊಗೆಯೂ ಇರಲಿಲ್ಲ, ಧೂಳೂ ಇರಲಿಲ್ಲ.

ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ಹಾಕಿದ. ಕೊನೆಯದನ್ನು ಹಾಗೇ ಬಿಟ್ಟು ಸ್ಕ್ರೂಡ್ರೈವರನ್ನು ಉಸ್ತಾದರ ಪಕ್ಕದಲ್ಲಿ ಇಟ್ಟ.

ಸಂಜೆ ಗಾದಿಲಿಂಗಪ್ಪ ಬಂದ. ಗುದ್ದು ಕೇಳಿ ಎದೆ ಮೇಲೆ ಕೈ ಇಟ್ಟುಕೊಂಡ. ಮುಖ ಅರಳಿತು.

“ನೋಡಿದ್ರಾ ಉಸ್ತಾದ್, ಹರೆಯದ ಕಣ್ಣಿಗೂ ನಿಮ್ಮ ಕಣ್ಣಿಗೂ ಇರೋ ವ್ಯತ್ಯಾಸ!” ಎಂದ. ಜೇಬಿನಿಂದ ಒಂದು ಬೀಗದಕೈ ತೆಗೆದು ಹುಲುಗಪ್ಪನ ಮುಂದೆ ಹಿಡಿದ. “ತಗೋಳೋ. ಮಳಿಗೆದು. ನಾಳೆನೇ ಬಾ.”

ಬೀಗದಕೈ ಹೊಚ್ಚ ಹೊಸದು. ಹುಲುಗಪ್ಪ ಅದನ್ನು ನೋಡಿದ. ಕೈ ಚಾಚಿದರೆ ಸಾಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಉಸ್ತಾದರು ಬಾಗಿಲ ಬಳಿ ಕೂತು ವೈರಿನ ಸಿಪ್ಪೆ ಸುಲಿಯುತ್ತಿದ್ದರು.

“ಅಣ್ಣ,” ಎಂದ ಹುಲುಗಪ್ಪ. “ಉಸ್ತಾದ್ ಕೊಟ್ಟಿದ್ದ ವೈರೇ ಸರಿ ಇತ್ತು. ಬೆನ್ನು ತಿರುಗಿಸಿ ಕೂರಿಸಿದ್ದಕ್ಕೆ ಹಂಗೇ ಕೊಡಬೇಕು. ನನಗೆ ಗೊತ್ತಿರಲಿಲ್ಲ. ನಾನು ಸರಿ ಮಾಡ್ತೀನಿ ಅಂತ ಹೋಗಿ ಕೆಡಿಸಿದೆ. ನಿಮ್ಮ ಮಾನ ಕಳೆದವನು ನಾನು. ಈಗ ಅವರು ಮಾಡಿದ್ದಂಗೇ ಮತ್ತೆ ಮಾಡೀನಿ, ಅಷ್ಟೇ.”

ಗಾದಿಲಿಂಗಪ್ಪನ ಕೈ ಗಾಳಿಯಲ್ಲೇ ನಿಂತಿತು.

“ಅವರ ಕಣ್ಣಿನ ಮಾತು ನಾನು ಆಡಬಾರದಿತ್ತು,” ಎಂದ ಹುಲುಗಪ್ಪ.

“ಥೂ ನಿನ್ನ!” ಎಂದ ಗಾದಿಲಿಂಗಪ್ಪ. ಬೀಗದಕೈ ಮತ್ತೆ ಜೇಬಿಗೆ ಹೋಯಿತು. ಉಸ್ತಾದರ ಕಡೆ ನೋಡಿದ. ಕಾಲು ನೋಡಿಕೊಂಡ, ಚಪ್ಪಲಿ ಬಿಚ್ಚಿ ಬಾಗಿಲಾಚೆ ಇಟ್ಟು ಬಂದ. “ಬೇಗ ಮುಗಿಸ್ರಪ್ಪಾ, ಒಂದು ಸ್ಕ್ರೂ ಬಾಕಿ ಕಾಣತೈತೆ.”

ಉಸ್ತಾದರು ಪಕ್ಕದಲ್ಲಿದ್ದ ಸ್ಕ್ರೂಡ್ರೈವರನ್ನು ತಡವಿ ಎತ್ತಿಕೊಂಡರು. ಹಿಡಿಯನ್ನು ಅಂಗಿಗೆ ಒರೆಸಿ ಹುಲುಗಪ್ಪನ ಕಡೆ ಚಾಚಿದರು.

ಹುಲುಗಪ್ಪ ತೆಗೆದುಕೊಳ್ಳಲಿಲ್ಲ.

“ಇವತ್ತಾ, ಉಸ್ತಾದ್?”

“ಗಿರಾಕಿ ಕಾಯ್ತಿದ್ದಾನೆ.”

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಕೊನೆಯ ಸ್ಕ್ರೂ ಹಾಕುವಾಗ ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಕೂತಿತು.

ಜೀಪು ಗುದ್ದುತ್ತಾ ಗುದ್ದುತ್ತಾ ಸೇತುವೆ ದಾಟಿ ಹೋಯಿತು. ಆ ಸದ್ದು ಅಡಗಿದ ಮೇಲೆ ಹುಲುಗಪ್ಪ ಕೇಳಿದ.

“ಉಸ್ತಾದ್, ಬೆಳಿಗ್ಗೆ ಅವರು ಬಾಯಿಗೆ ಬಂದಂಗೆ ಬೈದಾಗ ನೀವು ಯಾಕೆ ಒಂದು ಮಾತೂ ಹೇಳಲಿಲ್ಲ? ತಪ್ಪು ನಂದು ಅಂತ ನಿಮಗೆ ಗೊತ್ತಿತ್ತಲ್ಲ.”

ಉಸ್ತಾದರು ಹರಿಗೋಲನ್ನು ಮತ್ತೆ ಬೋರಲು ಹಾಕಿ ಅದರ ಮೇಲೆ ಕೂತರು.

“ನೀನು ನಿನ್ನ ಕಡೆ ಎಳ್ಕೋತಿದ್ದೆ,” ಎಂದರು. “ಎದುರಿಗೆ ಕೂತ ನಾನೂ ನನ್ನ ಕಡೆ ಎಳ್ಕೊಂಡಿದ್ರೆ, ಇಷ್ಟೊತ್ತಿಗೆ ನಾವಿಬ್ಬರೂ ಎಲ್ಲಿರ್ತಿದ್ವೋ, ಹುಲುಗಾ?”